ಪಾಸ್‌ವರ್ಡ್ ಮನೆಯೊಳಗೇ ಓಡಾಡಲಿ

ನಿಮ್ಮ ಹೆಸರಿನಲ್ಲಿ ಎಷ್ಟು ಆನ್‌ಲೈನ್ ಖಾತೆಗಳಿವೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಕಾಲೇಜಿನ ಯುಯುಸಿಎಂಎಸ್, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ, ಕೆಇಎ, ಕೆಪಿಎಸ್‌ಸಿ, ಎಸ್‌ಎಸ್‌ಸಿ, ರೈಲ್ವೆ, ಐಬಿಪಿಎಸ್, ಇವುಗಳ ಜೊತೆಗೆ ಇ-ಮೇಲ್, ಡಿಜಿಲಾಕರ್, ಬ್ಯಾಂಕು. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನ ಲೆಕ್ಕ 37ಕ್ಕೆ ಬಂದು ನಿಂತಿತು. ಒಂದಕ್ಕೆ ಕ್ಯಾಪಿಟಲ್ ಅಕ್ಷರ ಬೇಕೇ ಬೇಕು, ಇನ್ನೊಂದಕ್ಕೆ ವಿಶೇಷ ಚಿಹ್ನೆ ಬೇಕು, ಮತ್ತೊಂದಕ್ಕೆ ಅದೇ ಚಿಹ್ನೆ ವರ್ಜ್ಯ. ಹೀಗಾಗಿ ನಮ್ಮಲ್ಲಿ ಬಹಳಷ್ಟು ಜನ ಹೆಸರಿನ ಮುಂದೆ @123 ಹಾಕಿ ಕೈತೊಳೆದುಕೊಳ್ಳುತ್ತೇವೆ. ಅದೂ ಆಗದವರಿಗೆ ಸೈಬರ್ ಸೆಂಟರ್ ಅಣ್ಣನ ನೋಟ್‌ಬುಕ್ಕೇ ಗತಿ.

ಗಜೇಂದ್ರಗಡದ ಹತ್ತಿರ ನಮ್ಮ ಹಳ್ಳಿ. ತಂಗಿ ಅಲ್ಲಿಂದಲೇ ದಿನಾ ಬಸ್ಸಿಗೆ ಹೋಗಿ ಡಿಗ್ರಿ ಓದುತ್ತಾಳೆ. ಅವಳ ವಿದ್ಯಾರ್ಥಿವೇತನದ ಅರ್ಜಿ ತುಂಬಿದ್ದು ಒಂದು ಸೈಬರ್ ಸೆಂಟರ್‌ನಲ್ಲಿ. ಐಡಿ, ಪಾಸ್‌ವರ್ಡ್ ಎರಡೂ ಅಲ್ಲಿನ ಉದ್ದನೆಯ ಲೆಡ್ಜರಿನಲ್ಲಿದ್ದವು. ಮರುವರ್ಷ ಹೋಗುವಷ್ಟರಲ್ಲಿ ಅಂಗಡಿಯೇ ಇರಲಿಲ್ಲ. ಖಾತೆ ವಾಪಸು ಪಡೆಯಲು ಒಟಿಪಿ ಬೇಕು, ಅದು ಬರಬೇಕಾದದ್ದು ರೀಚಾರ್ಜ್ ಇಲ್ಲದೆ ಮಲಗಿದ್ದ ಅಪ್ಪನ ಹಳೇ ಸಿಮ್ಮಿಗೆ. ಮೂರು ದಿನ ಓಡಾಡಿ ಅಂತೂ ಸಿಕ್ಕಿತು. ಆ ಹಣ ಬರದಿದ್ದರೆ ಅವಳ ಮುಂದಿನ ವರ್ಷದ ಫೀಸಿಗೆ ಮನೆಯಲ್ಲಿ ಬೇರೆ ದಾರಿ ಇರಲಿಲ್ಲ. ಆವತ್ತೇ ನಾವಿಬ್ಬರೂ ನಿರ್ಧರಿಸಿದೆವು: ಪಾಸ್‌ವರ್ಡ್‌ಗಳು ನಮ್ಮ ಹತ್ತಿರವೇ ಇರಬೇಕು, ಇಬ್ಬರ ಕಂಪ್ಯೂಟರಿನಲ್ಲೂ ಇರಬೇಕು.

ಇದಕ್ಕೆ ನಾನು ಆರಿಸಿಕೊಂಡದ್ದು ಕೀಪಾಸ್‌ಎಕ್ಸ್‌ಸಿ ಎಂಬ ಉಚಿತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ಫೈಲಿನಲ್ಲಿ ಗೂಢಲಿಪಿಗೆ ತಿರುಗಿಸಿ ಇಡುತ್ತದೆ. ಆ ಫೈಲಿನ ಹೆಸರಿನ ಕೊನೆಗೆ ಕೆಡಿಬಿಎಕ್ಸ್ ಎಂದಿರುತ್ತದೆ. ತೆರೆಯಲು ಒಂದೇ ಒಂದು ಮಾಸ್ಟರ್ ಪಾಸ್‌ವರ್ಡ್. ‘ಅಕ್ಕಾ, ಎಲ್ಲಾ ಒಂದ ಡಬ್ಬಿಯೊಳಗ ಇಟ್ರ, ಡಬ್ಬಿ ಹೋದ್ರ ಎಲ್ಲಾ ಹೋತಲ್ಲ?’ ಎಂದು ತಂಗಿ ಕೇಳಿದ್ದಳು. ಡಬ್ಬಿ ಕದ್ದವನಿಗೆ ಸಿಗುವುದು ಅರ್ಥವಾಗದ ಅಕ್ಷರಗಳ ರಾಶಿ. ಮಾಸ್ಟರ್ ಪಾಸ್‌ವರ್ಡ್ ಊಹಿಸಲು ಆಗದಂತಿದ್ದರೆ ಅದನ್ನು ಬಿಡಿಸಲಾಗದು. ಹಾಗಾಗಿ ಊರು, ಹೆಸರು, ಹುಟ್ಟಿದ ದಿನ ಯಾವುದೂ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಆರು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆದುಕೊಂಡರೆ ಸಾಕು. ಅಡುಗೆಮನೆಯಿಂದ ಒಂದು, ಹೊಲದಿಂದ ಒಂದು, ಬಸ್‌ಸ್ಟ್ಯಾಂಡಿನಿಂದ ಒಂದು.

ಅರ್ಜಿದಾರರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಪ್ರತಿ ಖಾತೆಯ ಜೊತೆ ಟಿಪ್ಪಣಿ ಬರೆಯಬಹುದು, ಫೈಲ್ ಅಂಟಿಸಬಹುದು. ನೋಂದಣಿ ಸಂಖ್ಯೆ, ಕೊಟ್ಟ ಇ-ಮೇಲ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಹೆಸರಿನ ಸ್ಪೆಲ್ಲಿಂಗ್, ಎಲ್ಲವೂ ಒಂದೇ ಕಡೆ. ಐಬಿಪಿಎಸ್‌ಗೆ ಬೇಕಾದ 20ರಿಂದ 50 ಕೆ.ಬಿ.ಯ ಫೋಟೊ, 10ರಿಂದ 20 ಕೆ.ಬಿ.ಯ ಸಹಿ ಕೂಡ ನನ್ನ ಫೈಲಿನೊಳಗೇ ಇವೆ. ಪ್ರತಿ ಸಲ ಫೋಟೊ ಸಣ್ಣದು ಮಾಡಲು ಹತ್ತು ರೂಪಾಯಿ ತೆರುವ ಕೆಲಸ ತಪ್ಪಿತು.

ಇನ್ನು ಎರಡು ಕಂಪ್ಯೂಟರಿನ ಮಾತು. ನನ್ನ ಹತ್ತಿರ ಲ್ಯಾಪ್‌ಟಾಪ್, ಮನೆಯಲ್ಲಿ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್. ಎಲ್ಲವನ್ನೂ ಕ್ಲೌಡಿಗೆ ಹಾಕಬಹುದಲ್ಲ ಎಂದು ರೂಮಿನ ಗೆಳತಿಯರು ಕೇಳುತ್ತಾರೆ. ಹಾಕಬಹುದು, ಸೈಬರ್ ಸೆಂಟರ್ ಲೆಡ್ಜರಿಗಿಂತ ಅದು ನೂರು ಪಾಲು ವಾಸಿ. ಆದರೆ 2022ರಲ್ಲಿ ಲಾಸ್ಟ್‌ಪಾಸ್ ಕಂಪನಿಯ ಬ್ಯಾಕಪ್‌ನಿಂದ ಗ್ರಾಹಕರ ಪಾಸ್‌ವರ್ಡ್ ಪೆಟ್ಟಿಗೆಗಳನ್ನೇ ಯಾರೋ ನಕಲು ಮಾಡಿಕೊಂಡು ಹೋದರು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದರೂ ಯಾರು ಯಾವ ವೆಬ್‌ಸೈಟ್ ಬಳಸುತ್ತಾರೆ ಎಂಬುದು ತೆರೆದೇ ಇತ್ತು. ಸಾವಿರಾರು ಜನರ ಪೆಟ್ಟಿಗೆ ಒಂದೇ ಕಡೆ ಇದ್ದರೆ ಕಳ್ಳನಿಗೂ ಅಲ್ಲಿಗೇ ಹೋಗುವ ಆಸೆ. ನಮ್ಮ ಹಳ್ಳಿಯ ಡೆಸ್ಕ್‌ಟಾಪ್ ಹುಡುಕಿಕೊಂಡು ಯಾರು ಬರುತ್ತಾರೆ? ಅಲ್ಲದೆ ನಮ್ಮೂರಲ್ಲಿ ನೆಟ್ವರ್ಕ್ ಬರುವುದು ಮಾಳಿಗೆಯ ಮೇಲೆ ಮಾತ್ರ, ಡೆಸ್ಕ್‌ಟಾಪ್ ಇರುವುದು ಪಡಸಾಲೆಯಲ್ಲಿ.

ಇಲ್ಲಿ ಸಿಂಕ್‌ಥಿಂಗ್ ನೆರವಿಗೆ ಬಂತು. ಇದೂ ಉಚಿತ. ಎರಡು ಕಂಪ್ಯೂಟರಿನಲ್ಲಿ ಹಾಕಿ, ಒಂದೊಂದು ಫೋಲ್ಡರ್ ತೋರಿಸಿದರೆ ಎರಡನ್ನೂ ತಾನೇ ಸರಿಸಮ ಇಡುತ್ತದೆ. ಪ್ರತಿ ಕಂಪ್ಯೂಟರಿಗೆ ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ, ಏಳೇಳು ಅಕ್ಷರಗಳ ಎಂಟು ಗುಂಪು. ಇದರದ್ದನ್ನು ಅದಕ್ಕೆ, ಅದರದ್ದನ್ನು ಇದಕ್ಕೆ ಪರಿಚಯಿಸಿ ಒಪ್ಪಿಗೆ ಕೊಟ್ಟ ಮೇಲಷ್ಟೇ ಮಾತುಕತೆ ಶುರು, ಥೇಟ್ ಬೀಗತನದ ಹಾಗೆ. ಸೆಟ್ಟಿಂಗ್ಸ್‌ನಲ್ಲಿ ಗ್ಲೋಬಲ್ ಡಿಸ್ಕವರಿ, ರಿಲೇಯಿಂಗ್ ಮತ್ತು ನ್ಯಾಟ್ ಟ್ರಾವರ್ಸಲ್ ಮೂರನ್ನೂ ಆಫ್ ಮಾಡಿ, ಲೋಕಲ್ ಡಿಸ್ಕವರಿ ಮಾತ್ರ ಉಳಿಸಿದೆ. ಈಗ ಎರಡೂ ಕಂಪ್ಯೂಟರ್ ಒಂದೇ ವೈಫೈನಲ್ಲಿ ಇದ್ದಾಗ ಮಾತ್ರ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ನಮ್ಮ ಮನೆಯಲ್ಲಿ ರೂಟರ್ ಇಲ್ಲ. ನನ್ನ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಡೇಟಾ ಆಫ್ ಇಟ್ಟು, ಡೆಸ್ಕ್‌ಟಾಪಿಗೆ ಯುಎಸ್‌ಬಿ ವೈಫೈ ಡಾಂಗಲ್ ಸಿಕ್ಕಿಸಿದರೆ ಆಯಿತು. ಒಂದು ಎಂ.ಬಿ. ಡೇಟಾ ಕೂಡ ಖರ್ಚಾಗದು.

ಕಂಪ್ಯೂಟರ್‌ಗಳು ಒಂದನ್ನೊಂದು ಕಾಣದಿದ್ದರೆ ಮೊದಲು ನೋಡಬೇಕಾದದ್ದು ವಿಂಡೋಸ್ ಫೈರ್‌ವಾಲ್. ವೈಫೈಯನ್ನು ‘ಪಬ್ಲಿಕ್’ ಎಂದು ಗುರುತಿಸಿದ್ದರೆ ‘ಪ್ರೈವೇಟ್’ ಮಾಡಿ. 22000 ಮತ್ತು 21027 ಪೋರ್ಟುಗಳಿಗೆ ಅವಕಾಶ ಬೇಕು. ಹಾಸ್ಟೆಲ್, ಪಿ.ಜಿ. ವೈಫೈಗಳ ಕಥೆ ಬೇರೆ. ಒಬ್ಬರ ಯಂತ್ರ ಇನ್ನೊಬ್ಬರಿಗೆ ಕಾಣದಂತೆ ರೂಟರಿನಲ್ಲೇ ತಡೆದಿರುವುದು ಅಲ್ಲಿ ಸಾಮಾನ್ಯ. ತಡೆದಿರುವುದು ಒಳ್ಳೆಯದೇ. ನಿಮ್ಮದೇ ಹಾಟ್‌ಸ್ಪಾಟ್ ಬಳಸಿ.

ಫೈಲ್ ನಕಲಾಗುವುದು ಸುಲಭದ ಭಾಗ. ಕಷ್ಟ ಇರುವುದು ಎರಡೂ ಕಡೆ ಬದಲಾವಣೆ ಆದಾಗ. ನಾನು ಊರಿಗೆ ಹೋಗುವುದು ಹದಿನೈದು ದಿನಕ್ಕೊಮ್ಮೆ. ಅಷ್ಟರಲ್ಲಿ ತಂಗಿ ಅಲ್ಲಿ ಒಂದು ಬದಲಿಸಿರುತ್ತಾಳೆ, ನಾನಿಲ್ಲಿ ಇನ್ನೊಂದು ಸೇರಿಸಿರುತ್ತೇನೆ. ಫೈಲಿಗೆ ಬೀಗ ಹಾಕಿರುವುದರಿಂದ ಸಿಂಕ್‌ಥಿಂಗ್‌ಗೆ ಒಳಗಿನ ಸಂಗತಿ ಗೊತ್ತಾಗದು. ಅದು ಎರಡನ್ನೂ ಉಳಿಸಿ, ಒಂದರ ಹೆಸರಿಗೆ ‘ಸಿಂಕ್-ಕಾನ್‌ಫ್ಲಿಕ್ಟ್’ ಎಂದು ತಾರೀಕಿನ ಸಮೇತ ಸೇರಿಸುತ್ತದೆ. ಇದನ್ನು ಕಂಡು ಗಾಬರಿಯಾಗಿ ಡಿಲೀಟ್ ಮಾಡಬೇಡಿ. ಕೀಪಾಸ್‌ಎಕ್ಸ್‌ಸಿಯ ಡೇಟಾಬೇಸ್ ಮೆನುವಿನಲ್ಲಿ ‘ಮರ್ಜ್ ಫ್ರಂ ಡೇಟಾಬೇಸ್’ ಒತ್ತಿ ಆ ಫೈಲನ್ನು ತೋರಿಸಿ. ಖಾತೆಗಳನ್ನು ಒಂದೊಂದಾಗಿ ಹೋಲಿಸಿ, ಎರಡೂ ಕಡೆಯ ಹೊಸತನ್ನೆಲ್ಲ ಒಂದಾಗಿಸುತ್ತದೆ. ಒಂದೇ ಖಾತೆ ಎರಡೂ ಕಡೆ ಬದಲಾಗಿದ್ದರೆ ಸಮಯ ನೋಡಿ ಈಚಿನದನ್ನು ಮುಂದಿಟ್ಟು, ಹಳೆಯದನ್ನು ಆ ಖಾತೆಯ ಹಿಸ್ಟರಿಗೆ ಸೇರಿಸುತ್ತದೆ.

‘ಸಮಯ ನೋಡಿ’ ಎಂಬ ಮಾತಿನಲ್ಲೇ ಒಂದು ತೊಡಕಿದೆ. ಈ ವರ್ಷ ವಿದ್ಯಾರ್ಥಿವೇತನದ ನವೀಕರಣಕ್ಕೆ ಎರಡೇ ದಿನ ಉಳಿದಿದ್ದಾಗ ನಾನು ಊರಲ್ಲಿದ್ದೆ. ತಂಗಿ ಹಿಂದಿನ ವಾರವಷ್ಟೇ ಅದರ ಪಾಸ್‌ವರ್ಡ್ ಬದಲಿಸಿ ಡೆಸ್ಕ್‌ಟಾಪಿನಲ್ಲಿ ಉಳಿಸಿದ್ದಳು. ನಾನು ಧಾರವಾಡದಲ್ಲಿ ಅದೇ ಖಾತೆಯ ಟಿಪ್ಪಣಿಯಲ್ಲಿ ಕೊನೆಯ ದಿನಾಂಕ ಬರೆದಿದ್ದೆ. ಮರ್ಜ್ ಆದ ಮೇಲೆ ನೋಡಿದರೆ ಕಾಣಿಸಿದ್ದು ಹೋದ ವರ್ಷದ ಪಾಸ್‌ವರ್ಡ್! ಲಾಗಿನ್ ಆಗುತ್ತಿಲ್ಲ. ತಂಗಿಯ ಮುಖ ಸಣ್ಣಗಾಯಿತು. ಡೆಸ್ಕ್‌ಟಾಪಿನ ಮೂಲೆಯ ಗಡಿಯಾರದ ಕಡೆ ಕಣ್ಣು ಹೋದಾಗ ಉತ್ತರ ಸಿಕ್ಕಿತು. ಅಲ್ಲಿ 2012ನೇ ಇಸವಿ ನಡೆಯುತ್ತಿತ್ತು. ಮದರ್‌ಬೋರ್ಡಿನ ಗುಂಡಿಯಂಥ ಸೆಲ್ ಸತ್ತಿತ್ತು. ಕರೆಂಟು ಹೋದಾಗಲೆಲ್ಲ ಗಡಿಯಾರ ಹಿಂದಕ್ಕೋಡುತ್ತಿತ್ತು, ತಿದ್ದಲು ಇಂಟರ್ನೆಟ್ಟೂ ಇರಲಿಲ್ಲ. ತಂಗಿಯ ಹೊಸ ಪಾಸ್‌ವರ್ಡ್ ಹತ್ತು ವರ್ಷಕ್ಕೂ ಹಳೆಯದೆಂದು ಲೆಕ್ಕವಾಗಿ ಹಿಂದೆ ಸರಿದಿತ್ತು.

ಕಳೆದುಹೋಗಿರಲಿಲ್ಲ. ಆ ಖಾತೆಯ ಹಿಸ್ಟರಿ ತೆರೆದರೆ 2012ರ ತಾರೀಕು ಹೊತ್ತು ಅಲ್ಲೇ ಕೂತಿತ್ತು. ‘ರಿಸ್ಟೋರ್’ ಒತ್ತಿ ಲಾಗಿನ್ ಆದೆವು, ಅರ್ಜಿ ಹೋಯಿತು. ಮರುದಿನ ಗಜೇಂದ್ರಗಡದಿಂದ ಸಿಆರ್2032 ಸೆಲ್ ತಂದು ಹಾಕಿದೆವು. ಹಳೇ ಡೆಸ್ಕ್‌ಟಾಪ್ ಇರುವವರು ಬೇರೆ ಎಲ್ಲಕ್ಕೂ ಮೊದಲು ಗಡಿಯಾರ ಸರಿಮಾಡಿಕೊಳ್ಳಿ.

ಸಿಂಕ್ ಬೇರೆ, ಬ್ಯಾಕಪ್ ಬೇರೆ. ಒಂದು ಕಡೆ ಫೈಲ್ ಅಳಿಸಿದರೆ ಇನ್ನೊಂದು ಕಡೆಯೂ ನಿಷ್ಠೆಯಿಂದ ಅಳಿಸಿಹೋಗುತ್ತದೆ. ಅದಕ್ಕೇ ಸಿಂಕ್‌ಥಿಂಗ್‌ನಲ್ಲಿ ಫೈಲ್ ವರ್ಷನಿಂಗ್ ಆನ್ ಮಾಡಿದ್ದೇವೆ. ತಿಂಗಳಿಗೊಮ್ಮೆ ಪೆನ್‌ಡ್ರೈವಿಗೂ ಒಂದು ನಕಲು ಹೋಗುತ್ತದೆ. ಮಾಸ್ಟರ್ ಪಾಸ್‌ವರ್ಡ್ ಮರೆತರೆ ಯಾರೂ ತೆಗೆದುಕೊಡಲಾರರು, ಇದಕ್ಕೆ ಒಟಿಪಿಯೂ ಇಲ್ಲ, ಸಹಾಯವಾಣಿಯೂ ಇಲ್ಲ. ಹೀಗಾಗಿ ಅದನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಹೊಲದ ಕಾಗದಪತ್ರ ಇರುವ ಟ್ರಂಕಿನಲ್ಲಿ ಇಟ್ಟಿದ್ದೇವೆ. ಟ್ರಂಕಿನ ಕೀಲಿ ಅವ್ವನ ಹತ್ತಿರ ಇದೆ.