ಮನೆಯಲ್ಲೇ ಹೃದಯದ ಗೆರೆ

ಹೃದಯ ಪ್ರತಿ ಸಲ ಬಡಿಯುವ ಮೊದಲು ಅದರೊಳಗೆ ಒಂದು ಸಣ್ಣ ವಿದ್ಯುತ್ ಅಲೆ ಹರಿಯುತ್ತದೆ. ಅದನ್ನು ಚರ್ಮದ ಮೇಲಿಂದ ಹಿಡಿದು ಗೆರೆಯಾಗಿ ಬರೆಯುವುದೇ ಇಸಿಜಿ. ಚರ್ಮದ ಮೇಲೆ ಸಿಗುವುದು ಸುಮಾರು 1 ಮಿಲಿವೋಲ್ಟ್ ಮಾತ್ರ. ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ಲಿನ 1500ರಲ್ಲಿ ಒಂದು ಪಾಲು!

ನಾನು ಕಾಮರ್ಸ್ ವಿದ್ಯಾರ್ಥಿ. ಇದನ್ನೆಲ್ಲ ತಿಳಿಯಲು ಹೊರಟಿದ್ದು ನಮ್ಮ ದಾದಿಯ ಕಾರಣಕ್ಕೆ. (ಉರ್ದುವಿನಲ್ಲಿ ದಾದಿ ಎಂದರೆ ತಂದೆಯ ತಾಯಿ. ಕನ್ನಡದಲ್ಲಿ ದಾದಿ ಎಂದರೆ ನರ್ಸ್ ಎಂದು ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು.) ಅವರು ಆಗಾಗ ‘ದಿಲ್ ಘಬ್ರಾರಾ’ ಎನ್ನುತ್ತಾರೆ. ನ್ಯಾಮತಿಯ ಮನೆಯಿಂದ ಆಟೋ ಹಿಡಿದು ಆಸ್ಪತ್ರೆ ಸೇರುವಷ್ಟರಲ್ಲಿ ಡವಡವ ನಿಂತಿರುತ್ತದೆ, ಇಸಿಜಿಯಲ್ಲಿ ಏನೂ ಕಾಣುವುದಿಲ್ಲ. ಬಡಿತ ತಪ್ಪುವ ಹೊತ್ತಿಗೇ ಗೆರೆ ಸಿಗಬೇಕು.

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ಭಾಯಿ ರಜೆಗೆ ಬಂದಾಗ ಎಡಿ8232 ಚಿಪ್ ಇರುವ ಬೋರ್ಡ್ ಮತ್ತು ಒಂದು ಆರ್ಡುಯಿನೊ ತಂದರು. ಚಿಪ್ ಕಂಪನಿಯದೇ. ಆದರೆ ಇಂಥ ಓಪನ್ ಸೋರ್ಸ್ ಬೋರ್ಡುಗಳ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಲೆಕ್ಕದ ಪುಸ್ತಕವನ್ನು ಎಲ್ಲರಿಗೂ ತೆರೆದಿಟ್ಟ ಹಾಗೆ. ಬೆಂಗಳೂರಿನ ಪ್ರೋಟೋಸೆಂಟ್ರಲ್ ಎಂಬ ಸಂಸ್ಥೆಯ ‘ಹೆಲ್ದಿಪೈ’ ಕೂಡ ಇದೇ ಬಗೆಯದು.

ಆರ್ಡುಯಿನೊ 5 ವೋಲ್ಟನ್ನು 1024 ಮೆಟ್ಟಿಲು ಮಾಡಿ ಅಳೆಯುತ್ತದೆ, ಒಂದು ಮೆಟ್ಟಿಲು ಸುಮಾರು 5 ಮಿಲಿವೋಲ್ಟ್. ಹೃದಯದ 1 ಮಿಲಿವೋಲ್ಟ್ ಅದಕ್ಕೆ ಕಾಣುವುದೇ ಇಲ್ಲ. ಚನ್ನಗಿರಿಯ ಅಡಿಕೆ ಮಂಡಿಯ ತಕ್ಕಡಿಯಲ್ಲಿ ಮೂಗುಬೊಟ್ಟು ತೂಗಿದಂತೆ. ಆದ್ದರಿಂದ ಬೋರ್ಡು ಮೊದಲು ಅದನ್ನು ನೂರಾರು ಪಟ್ಟು ದೊಡ್ಡದು ಮಾಡುತ್ತದೆ.

ಇನ್ನೊಂದು ತೊಂದರೆ ಮನೆಯ ಕರೆಂಟು. ವೈರುಗಳಲ್ಲಿನ 50 ಹರ್ಟ್ಸ್ ಗದ್ದಲವನ್ನು ನಮ್ಮ ಮೈ ಆಂಟೆನಾದಂತೆ ಹಿಡಿಯುತ್ತದೆ. ಆದರೆ ಅದು ಎರಡೂ ಕೈಗಳಿಗೆ ಹೆಚ್ಚುಕಡಿಮೆ ಒಂದೇ ಸಮ ಬರುತ್ತದೆ. ಡೆಬಿಟ್, ಕ್ರೆಡಿಟ್ ಎರಡೂ ಕಡೆ ಒಂದೇ ಮೊತ್ತ ಇದ್ದರೆ ಬಾಕಿ ಸೊನ್ನೆ ಅಲ್ಲವೇ? ಬೋರ್ಡು ಎರಡು ಸ್ಟಿಕ್ಕರುಗಳ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಮೂರನೆಯ ಸ್ಟಿಕ್ಕರ್ ಉಳಿದ ಗದ್ದಲವನ್ನು ತಲೆಕೆಳಗು ಮಾಡಿ ಮೈಗೇ ಹಿಂತಿರುಗಿಸುತ್ತದೆ. ಹೀಗಿದ್ದೂ ದಾದಿ ನಕ್ಕರೆ ಗೆರೆಯೆಲ್ಲ ಕಲಸಿಹೋಗುತ್ತಿತ್ತು, ಏಕೆಂದರೆ ಸ್ನಾಯುಗಳಲ್ಲೂ ವಿದ್ಯುತ್ ಇದೆ. ಒಂದು ಕಟ್ಟುನಿಟ್ಟು: ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಬೇಕು, ಚಾರ್ಜರ್ ಹಾಕಿರಬಾರದು.

ಪರದೆಯ ಮೇಲೆ ಚಿಕ್ಕ ಗುಡ್ಡ ಪಿ, ಚೂಪು ಶಿಖರ ಕ್ಯೂಆರ್‌ಎಸ್, ಆಮೇಲಿನ ದಿಬ್ಬ ಟಿ. ಈ ಅಕ್ಷರಗಳನ್ನು ಕೊಟ್ಟವರು ಹಾಲೆಂಡಿನ ಐಂತೋವನ್, 1924ರಲ್ಲಿ ನೊಬೆಲ್ ಪಡೆದವರು. ಆಸ್ಪತ್ರೆಯ ಇಸಿಜಿ ಕಾಗದದಲ್ಲಿ ಎರಡು ಶಿಖರಗಳ ನಡುವಿನ ದೊಡ್ಡ ಚೌಕಗಳನ್ನು ಎಣಿಸಿ 300ನ್ನು ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ. ನಾಲ್ಕು ಚೌಕವಿದ್ದರೆ 75.

ಒಂದು ಸಂಜೆ ದಾದಿಯ ಶಿಖರಗಳ ನಡುವಿನ ಅಂತರ ಸಮವಾಗಿರಲಿಲ್ಲ. ಒಂದು ಬೇಗ ಬಂತು, ನಂತರ ಉದ್ದ ಬಿಡುವು. ಅದನ್ನು ನೋಡಿದ ಡಾಕ್ಟರು ರೋಗದ ಹೆಸರು ಹೇಳಲಿಲ್ಲ, 24 ಗಂಟೆಯ ಹೋಲ್ಟರ್ ಪರೀಕ್ಷೆ ಬರೆದುಕೊಟ್ಟರು.

ಆದರೆ ಮೊನ್ನೆ ಚಾಚಾ, ‘ಎದೆ ಉರಿಯುತ್ತಿದೆ, ನನಗೂ ಗೆರೆ ತೆಗಿ, ಸರಿ ಇದ್ದರೆ ಆಸ್ಪತ್ರೆ ಖರ್ಚು ಉಳಿಯಿತು’ ಎಂದರು. ಭಾಯಿ ಒಪ್ಪಲಿಲ್ಲ. ಆಸ್ಪತ್ರೆಯ ಯಂತ್ರ 10 ಎಲೆಕ್ಟ್ರೋಡಿನಿಂದ ಹೃದಯವನ್ನು 12 ದಿಕ್ಕಿನಿಂದ ನೋಡುತ್ತದೆ, ನಮ್ಮದು ಒಂದೇ ಕಿಟಕಿ. ಹೃದಯಾಘಾತವಾಗುತ್ತಿದ್ದರೂ ಆ ಕಿಟಕಿಯಲ್ಲಿ ಕಾಣದಿರಬಹುದು. ಎದೆನೋವು, ತಣ್ಣನೆ ಬೆವರು ಎಂದರೆ 108ಕ್ಕೇ ಫೋನ್. ಜಯದೇವ ಹೃದ್ರೋಗ ಸಂಸ್ಥೆಯ ಜೊತೆ ಸರ್ಕಾರ ತಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆಯ್ದ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ದೂರದ ತಜ್ಞರು ಕೂಡಲೇ ನೋಡುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತ. ಚಾಚಾ ಗೊಣಗುತ್ತಲೇ ಹೋದರು. ಅದು ಬರೀ ಗ್ಯಾಸ್ಟ್ರಿಕ್.

ನಿಮ್ಮ ಗೆರೆ ನೋಡುವ ಆಸೆಯಿದ್ದರೆ ಭಾನುವಾರ ಬನ್ನಿ. ಮೂರು ಸ್ಟಿಕ್ಕರ್ ನೀವೇ ತರಬೇಕು, ಅವು ಒಂದೇ ಸಲಕ್ಕೆ.