ಅನಪೇಕ್ಷಿತ ಇ-ಮೇಲ್‌ಗೆ ಜರಡಿ: ಜೊಳ್ಳಿನೊಡನೆ ಕಾಳೂ ಹೋಗದಿರಲಿ

ಅಂಗಡಿಯ ಬಾಗಿಲಿಗೆ ಬಂದ ಮಾರಾಟ ಪ್ರತಿನಿಧಿಗೆ ‘ಬೇಡ’ ಎಂದು ಹೇಳಿದರೆ ಆತ ಮುಂದಿನ ಅಂಗಡಿಗೆ ಹೋಗುತ್ತಾನೆ. ಇ-ಮೇಲ್ ಮೂಲಕ ಬರುವವರಿಗೆ ಈ ಸಂಕೋಚವಿಲ್ಲ. ಒಂದು ಸಂದೇಶವಾಗಲಿ ಸಾವಿರ ಸಂದೇಶವಾಗಲಿ, ಕಳುಹಿಸುವ ವೆಚ್ಚದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲದಿರುವುದೇ ಇದಕ್ಕೆ ಕಾರಣ. ಈ ಪಿಡುಗು ಹೊಸದೂ ಅಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯ ಮಾರಾಟ ವಿಭಾಗದ ಗ್ಯಾರಿ ಥುರ್ಕ್ ಅವರು ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಗಣಕಯಂತ್ರಗಳ ಜಾಹೀರಾತನ್ನು ಒಮ್ಮೆಲೇ ಕಳುಹಿಸಿದ್ದೇ ಇದರ ಮೊದಲ ನಿದರ್ಶನವೆಂದು ಪರಿಗಣಿತವಾಗಿದೆ.

ಪದೇ ಪದೇ ಬರುವ ಇಂತಹ ಸಂದೇಶಗಳನ್ನು ತಡೆಯಲು ಎರಡು ಸಾಧನಗಳಿವೆ. ಮೊದಲನೆಯದು ‘ಬ್ಲಾಕ್’. ಜಿಮೇಲ್‌ನಲ್ಲಿ ಒಂದು ವಿಳಾಸವನ್ನು ಬ್ಲಾಕ್ ಮಾಡಿದರೆ ಅಲ್ಲಿಂದ ಮುಂದೆ ಬರುವ ಸಂದೇಶಗಳು ಸ್ಪ್ಯಾಮ್ ಕಡತಕ್ಕೆ ಸೇರಿ, 30 ದಿನಗಳ ನಂತರ ತಾವಾಗಿ ಅಳಿಸಿಹೋಗುತ್ತವೆ. ಆದರೆ ಪಟ್ಟು ಬಿಡದ ಕಳುಹಿಸುಗರು ವಿಳಾಸವನ್ನೇ ಬದಲಿಸುತ್ತಾರೆ. ಆಗ ಎರಡನೆಯ ಸಾಧನವಾದ ‘ಫಿಲ್ಟರ್’ ನೆರವಿಗೆ ಬರುತ್ತದೆ.

ಫಿಲ್ಟರ್ ರಚಿಸುವ ಕ್ರಮ ಸರಳವಾದುದು. ಗಣಕಯಂತ್ರದಲ್ಲಿ ಜಿಮೇಲ್ ತೆರೆದು, ಹುಡುಕು ಪೆಟ್ಟಿಗೆಯ ಬಲತುದಿಯ ಗುರುತನ್ನು ಒತ್ತಿದರೆ ಒಂದು ನಮೂನೆ ತೆರೆದುಕೊಳ್ಳುತ್ತದೆ. ಅದರ ‘ಫ್ರಮ್’ ಅಂಕಣದಲ್ಲಿ ವಿಳಾಸವನ್ನು ನಮೂದಿಸಿ ‘ಕ್ರಿಯೇಟ್ ಫಿಲ್ಟರ್’ ಆಯ್ಕೆ ಮಾಡಬೇಕು. ಒಂದೇ ಸಂಸ್ಥೆ ಹಲವು ವಿಳಾಸಗಳಿಂದ ಪೀಡಿಸುತ್ತಿದ್ದರೆ, ಅಟ್ ಚಿಹ್ನೆ ಹಾಗೂ ಅದರ ನಂತರದ ಡೊಮೈನ್ ಹೆಸರನ್ನಷ್ಟೇ ನಮೂದಿಸಿದರೆ ಸಾಕು. ಡೊಮೈನ್ ಕೂಡ ಬದಲಾಗುತ್ತಿದ್ದಲ್ಲಿ, ಎಲ್ಲ ಸಂದೇಶಗಳಲ್ಲೂ ಮರುಕಳಿಸುವ ದೂರವಾಣಿ ಸಂಖ್ಯೆ ಅಥವಾ ಸಂಸ್ಥೆಯ ಹೆಸರನ್ನು ಆಧಾರವಾಗಿ ಬಳಸಬಹುದು.

ಎಚ್ಚರ ಬೇಕಾಗಿರುವುದು ಇಲ್ಲಿಯೇ. ಸಣ್ಣ ಯಂತ್ರಭಾಗಗಳ ತಯಾರಕರೊಬ್ಬರು ಬೇಸತ್ತು, ‘ಕೊಟೇಶನ್’ ಎಂಬ ಪದವಿರುವ ಸಂದೇಶಗಳೆಲ್ಲ ಅಳಿಯುವಂತೆ ಫಿಲ್ಟರ್ ಹಾಕಿದರೆಂದು ಭಾವಿಸಬಹುದು. ಕಾಟ ನಿಲ್ಲುತ್ತದೆ ನಿಜ. ಆದರೆ ದರಪಟ್ಟಿ ಕೋರಿ ಬರುವ ಹೊಸ ಗ್ರಾಹಕರ ಪತ್ರವೂ ಕಣ್ಣಿಗೆ ಬೀಳದೆ ಹೋಗುತ್ತದೆ. ಉತ್ತರ ಬಾರದ ಗ್ರಾಹಕರು ಬೇರೆಡೆ ಹೋಗುತ್ತಾರೆಯೇ ಹೊರತು ದೂರು ಹೇಳಲು ಬರುವುದಿಲ್ಲ. ಜಿಮೇಲ್‌ನಂತಹ ಸಾರ್ವಜನಿಕ ಸೇವೆಯ ಡೊಮೈನನ್ನೇ ತಡೆಯುವುದೂ ಇಂತಹುದೇ ತಪ್ಪು. ಅನೇಕ ಸಣ್ಣ ವರ್ತಕರು ವ್ಯವಹರಿಸುವುದು ಅದರಿಂದಲೇ.

ನಷ್ಟ ಗ್ರಾಹಕರಿಗಷ್ಟೇ ಸೀಮಿತವಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೇ ಕಲಮಿನ ಪ್ರಕಾರ, ನೋಂದಣಿ ವೇಳೆ ನೀಡಿದ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದು ನೋಟಿಸ್ ಜಾರಿಯ ಮಾನ್ಯ ವಿಧಾನಗಳಲ್ಲೊಂದು. ಅದು ತಮ್ಮದೇ ಫಿಲ್ಟರ್‌ಗೆ ಸಿಕ್ಕಿ ಅಳಿದುಹೋಯಿತೆಂಬ ಸಮಜಾಯಿಷಿಯನ್ನು ನಂಬಿ ಕೂರುವುದು ಜಾಣತನವಲ್ಲ.

ಆದುದರಿಂದ ಹೊಸ ಫಿಲ್ಟರ್‌ಗೆ ಮೊದಲ ದಿನವೇ ‘ಡಿಲೀಟ್’ ಅಧಿಕಾರ ಕೊಡುವುದು ಸಲ್ಲದು. ‘ಸ್ಕಿಪ್ ದ ಇನ್‌ಬಾಕ್ಸ್’ ಮತ್ತು ‘ಅಪ್ಲೈ ದ ಲೇಬಲ್’ ಆಯ್ಕೆಗಳ ಮೂಲಕ ಸಂದೇಶಗಳನ್ನು ಪ್ರತ್ಯೇಕ ಕಡತಕ್ಕೆ ಸರಿಸಿ, ಎರಡು ವಾರ ಗಮನಿಸಬೇಕು. ಬೇಕಾದ ಪತ್ರ ಒಂದೂ ಸಿಕ್ಕಿಬೀಳಲಿಲ್ಲವೆಂದು ಖಚಿತವಾದ ಮೇಲೆ ಅಳಿಸುವ ವ್ಯವಸ್ಥೆ ಮಾಡಬಹುದು. ಖಾಯಂ ಗ್ರಾಹಕರು, ಬ್ಯಾಂಕು ಹಾಗೂ ಸರ್ಕಾರಿ ಇಲಾಖೆಗಳ ವಿಳಾಸಗಳಿಗೆ ‘ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್’ ಎಂಬ ಫಿಲ್ಟರ್ ಹಾಕುವುದು ಕ್ಷೇಮ. ಬೆದರಿಕೆಯ ಸಂದೇಶಗಳನ್ನು ಮಾತ್ರ ಅಳಿಸಬಾರದು. ದೂರು ನೀಡುವಾಗ ಅವೇ ಸಾಕ್ಷ್ಯ.

ಪರಿಚಿತ ಸಂಸ್ಥೆಗಳ ಸುದ್ದಿಪತ್ರ ಬೇಡವಾದಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಕೊಂಡಿಯೇ ಸಾಕಾಗುತ್ತದೆ. 2024ರ ಫೆಬ್ರವರಿಯಿಂದ ಗೂಗಲ್ ಸಂಸ್ಥೆಯು, ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಸಂದೇಶ ಕಳುಹಿಸುವವರಿಗೆ ದೃಢೀಕರಣದ ನಿಯಮಗಳನ್ನು ವಿಧಿಸಿ, ಪ್ರಚಾರ ಸಂದೇಶಗಳಿಂದ ಸುಲಭವಾಗಿ ಹೊರಬರುವ ಸೌಲಭ್ಯವನ್ನೂ ಕಡ್ಡಾಯಗೊಳಿಸಿತು. ಅಪರಿಚಿತರ ಸಂದೇಶದಲ್ಲಿನ ಕೊಂಡಿಯನ್ನು ಮಾತ್ರ ಒತ್ತಬಾರದು. ಒತ್ತಿದರೆ ವಿಳಾಸ ಬಳಕೆಯಲ್ಲಿದೆ ಎಂಬುದನ್ನು ತಾವೇ ತಿಳಿಸಿದಂತಾಗುತ್ತದೆ.

ಫಿಲ್ಟರ್ ಎಲ್ಲವನ್ನೂ ತಡೆಯಲಾರದೆಂಬುದನ್ನೂ ಮರೆಯಬಾರದು. ಕಳುಹಿಸಿದವರ ಹೆಸರು ಲಕೋಟೆಯ ಹಿಂಬದಿಯಲ್ಲಿ ಬರೆದ ವಿಳಾಸವಿದ್ದಂತೆ. ಅದನ್ನು ಯಾರು ಬೇಕಾದರೂ ಬರೆಯಬಹುದು. ಸರಬರಾಜುದಾರರ ಹೆಸರಿನಲ್ಲಿ ‘ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಪತ್ರ ಬಂದಾಗ, ಹಣ ಪಾವತಿಸುವ ಮೊದಲು ಹಳೆಯ ದೂರವಾಣಿ ಸಂಖ್ಯೆಗೆ ಕರೆಮಾಡಿ ವಿಚಾರಿಸಲೇಬೇಕು. ವಂಚನೆಗೆ ಒಳಗಾದವರು ತಡಮಾಡದೆ 1930 ಸಹಾಯವಾಣಿಯನ್ನು ಸಂಪರ್ಕಿಸಬೇಕು.

ದಿನದ ಕೊನೆಗೆ ಗಲ್ಲಾ ಲೆಕ್ಕ ನೋಡುವ ಪದ್ಧತಿ ಪ್ರತಿ ಅಂಗಡಿಯಲ್ಲೂ ಇದೆ. ವಾರಕ್ಕೊಮ್ಮೆ ಹತ್ತು ನಿಮಿಷ ಸ್ಪ್ಯಾಮ್ ಕಡತವನ್ನೂ ಫಿಲ್ಟರ್‌ಗಳನ್ನೂ ಪರಿಶೀಲಿಸುವ ಹೊಣೆಯನ್ನು ನಂಬಿಕೆಯ ಸಿಬ್ಬಂದಿಯೊಬ್ಬರಿಗೆ ವಹಿಸಿದರೆ, ಕಾಟವೂ ತಪ್ಪುತ್ತದೆ, ಬರಬೇಕಾದ ಆರ್ಡರೂ ಕೈತಪ್ಪುವುದಿಲ್ಲ.