ಮೀನಿನ ತೊಟ್ಟಿಗೆ ಕತ್ತಲೆಯ ಕೋಣೆ

ಸರಗೂರು ಕಪಿಲಾ ನದಿಯ ದಡದಲ್ಲಿರುವ ಊರು. ಹಿಂದೆ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ಒಂದು ತಾಲ್ಲೂಕಿನ ಮುಖ್ಯ ಸ್ಥಳವಾಗಿರುವುದು. 1974ರಲ್ಲಿ ಮುಗಿದ ಕಬಿನಿಯ ಅಣೆಕಟ್ಟು, ನುಗು, ತಾರಕ ಮತ್ತು ಹೆಬ್ಬಳ್ಳದ ಜಲಾಶಯಗಳು ಇವೆಲ್ಲವೂ ಈ ಸೀಮೆಯವೇ. ಹೊಲಗಳಲ್ಲಿ ಕೃಷಿ ಹೊಂಡಗಳೂ ಆಗಿರುವುದರಿಂದ, ಹತ್ತಿ ರಾಗಿಗಳ ಜೊತೆಗೆ ಕಾಟ್ಲಾ, ರೋಹು, ಗೆಂಡೆ ಮೀನುಗಳನ್ನು ಸಾಕಿ ನಾಲ್ಕು ಕಾಸು ಕಾಣಬಹುದೆಂಬ ಆಸೆ ಹಿಡುವಳಿದಾರರಲ್ಲಿ ಹುಟ್ಟಿರುವುದು ಸಹಜವೇ.

ಆದರೆ ಮುಂಗಾರಿನಲ್ಲಿ ಕೊಂಡುತಂದ ಸಣ್ಣ ಮರಿಗಳನ್ನು ನೆಟ್ಟಗೆ ಹೊಂಡಕ್ಕೆ ಬಿಟ್ಟರೆ, ಹಕ್ಕಿಗಳಿಗೂ ಹಾವುಗಳಿಗೂ ಮರಿತಿನ್ನುವ ಮೀನುಗಳಿಗೂ ಬಹುಪಾಲು ಆಹಾರವಾಗುವುವು. ಆದಕಾರಣ ಮರಿಗಳನ್ನು ಬೆರಳುದ್ದವಾಗುವವರೆಗೆ ಸಿಮೆಂಟಿನ ತೊಟ್ಟಿಯಲ್ಲಿಟ್ಟು ಸಾಕುವುದುಂಟು. ಕಷ್ಟವು ಬರುವುದು ಇಲ್ಲಿಯೇ. ಮೊದಲ ವಾರ ಮರಿಗಳು ಚುರುಕಾಗಿರುವುವು. ಎರಡನೆಯ ವಾರದಲ್ಲಿ ನೀರು ಮಬ್ಬಾಗಿ ನಾತ ಹೊಡೆಯುವುದು. ಒಂದು ಬೆಳಗಿನ ಜಾವ ನೋಡುವಷ್ಟರಲ್ಲಿ ಮರಿಗಳು ಬೆಳ್ಳಗೆ ತೇಲುತ್ತಿರುವುವು. ಮರಿಯ ಬೆಲೆ, ಮೇವಿನ ಬೆಲೆ, ಒಂದು ಹಂಗಾಮಿನ ಹೊತ್ತು ಎಲ್ಲವೂ ಒಂದೇ ರಾತ್ರಿಯಲ್ಲಿ ಹೋದಂತಾಯಿತು. ಇದು ದೃಷ್ಟಿದೋಷವೂ ಅಲ್ಲ, ಮರಿಯ ಕುಲದೋಷವೂ ಅಲ್ಲ. ನೀರನ್ನು ಶುದ್ಧಿಮಾಡುವ ಸಣ್ಣ ಜೀವಗಳಿಗೆ ತೊಟ್ಟಿಯಲ್ಲಿ ನೆಲೆಯಿಲ್ಲದೆ ಹೋದುದೇ ಇದರ ಕಾರಣವು.

ನೀರು ಕೆಡುವ ಬಗೆ

ಮೀನು ತಿಂದ ಮೇವಿನ ಸಾರದಲ್ಲಿ ಒಂದು ಭಾಗವು ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಸೇರುವುದು. ತಿನ್ನದೆ ಉಳಿದ ಮೇವು ಕೊಳೆತರೂ ಅದೇ ಹುಟ್ಟುವುದು. ಇದು ಮೀನಿಗೆ ವಿಷ. ನೀರು ಬಿಸಿಯಾದಷ್ಟೂ, ಕ್ಷಾರಗುಣ ಏರಿದಷ್ಟೂ ವಿಷವು ಹೆಚ್ಚು ತೀಕ್ಷ್ಣವಾಗುವುದು. ಪಾಚಿ ತುಂಬಿದ ತೊಟ್ಟಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಕ್ಷಾರಗುಣವು ಏರುವುದು. ಅದೇ ಪಾಚಿಯು ರಾತ್ರಿಯಲ್ಲಿ ನೀರಿನ ಆಮ್ಲಜನಕವನ್ನು ಹೀರುವುದರಿಂದ ಬೆಳಗಿನ ಜಾವಕ್ಕೆ ಮೀನಿಗೆ ಉಸಿರು ಸಾಲದಾಗುವುದು. ಹಗಲು ವಿಷ, ಇರುಳು ಉಸಿರುಗಟ್ಟು, ಹೀಗೆ ಎರಡು ಕಡೆಯಿಂದಲೂ ಪೆಟ್ಟು ಬೀಳುವುದು.

ಈ ವಿಷವನ್ನು ಕಳೆಯುವ ಕ್ರಮವು ವ್ಯವಸಾಯಗಾರರಿಗೆ ತಿಳಿಯದ ಸಂಗತಿಯಲ್ಲ. ಹೊಲಕ್ಕೆ ಹಾಕಿದ ಕೊಟ್ಟಿಗೆ ಗೊಬ್ಬರವು ಪೈರಿಗೆ ಸೇರುವ ಮೊದಲು ಮಣ್ಣಿನಲ್ಲಿ ಮಾಗುವುದಷ್ಟೆ. ಆ ಕೆಲಸದಲ್ಲಿ ಎರಡು ಬಗೆಯ ಸೂಕ್ಷ್ಮಜೀವಿಗಳಿಗೆ ಮುಖ್ಯ ಪಾಲುಂಟೆಂದು 1890ರ ಸುಮಾರಿನಲ್ಲಿ ರಷ್ಯಾದ ವಿಜ್ಞಾನಿ ಸೆರ್ಗೇಯ್ ವಿನೊಗ್ರಾಡ್‌ಸ್ಕಿಯವರು ತೋರಿಸಿಕೊಟ್ಟರು. ಮೊದಲನೆಯ ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುವುವು, ಇದೂ ವಿಷವೇ. ಎರಡನೆಯವು ಅದನ್ನು ನೈಟ್ರೇಟ್ ಮಾಡುವುವು. ಇದು ಮೀನಿಗೆ ಬಹುಮಟ್ಟಿಗೆ ನಿರುಪದ್ರವಿ, ಗಿಡಕ್ಕೆ ಒಳ್ಳೆಯ ಗೊಬ್ಬರ. ನೀರಿನಲ್ಲಿಯೂ ಇದೇ ಬಗೆಯ ಜೀವಿಗಳು ಇದೇ ಕೆಲಸವನ್ನು ಮಾಡುವುವು. ಆದರೆ ಅವು ನಿಧಾನವಾಗಿ ಬೆಳೆಯತಕ್ಕವು. ಕಲ್ಲಿಗೋ ಇಟ್ಟಿಗೆಗೋ ಅಂಟಿಕೊಂಡು ಬಾಳತಕ್ಕವು. ಬಲವಾದ ಬೆಳಕನ್ನು ಸಹಿಸಲಾರವು. ನುಣ್ಣನೆಯ ಗೋಡೆಯ, ಬಿಸಿಲಿಗೆ ಬಾಯಿತೆರೆದ ಹೊಸ ತೊಟ್ಟಿಯಲ್ಲಿ ಅವಕ್ಕೆ ಮನೆಯೇ ಇಲ್ಲ.

ಕಡಲಿನಿಂದ ಬಂದ ಉಪಾಯ

ಇಂಥ ಜೀವಗಳಿಗೆ ಬೇರೆಯೇ ಒಂದು ಕತ್ತಲೆಯ ಕೋಣೆ ಕಟ್ಟಿಕೊಡುವ ಉಪಾಯವನ್ನು ಗಾಜಿನ ತೊಟ್ಟಿಗಳಲ್ಲಿ ಹವಳವನ್ನು ಸಾಕುವವರು ಚೆನ್ನಾಗಿ ಬಲ್ಲರು. ಅವರಿಗೆ ಮೇಲ್ಪಂಕ್ತಿ ಕಡಲೇ. ಹವಳದ ದಿಬ್ಬಗಳ ಸುತ್ತಲಿನ ತಿಳಿನೀರಿನಲ್ಲಿ ಆಹಾರಾಂಶವು ಅತ್ಯಲ್ಪ. ಆದರೂ ಅಲ್ಲಿ ಜೀವಿಗಳ ಸಂತೆಯೇ ನೆರೆದಿರುವುದು. ಇದು ಹೇಗೆ? ಕೆರಿಬಿಯನ್ ಕಡಲಿನ ಕ್ಯುರಸಾವೊ ದ್ವೀಪದಲ್ಲಿ ಕೆಲಸಮಾಡಿದ ಡಚ್ ವಿಜ್ಞಾನಿ ಯಾಸ್ಪರ್ ದ ಗೂಯ್ ಮತ್ತು ಅವರ ಸಂಗಡಿಗರು 2013ರಲ್ಲಿ ಇದಕ್ಕೆ ಒಂದು ಸಮಾಧಾನವನ್ನು ಪ್ರಕಟಿಸಿದರು. ದಿಬ್ಬದ ಒಳಗಿನ ಕತ್ತಲೆಯ ಪೊಟರೆಗಳಲ್ಲಿ ಸ್ಪಂಜುಗಳು ಹಬ್ಬಿಕೊಂಡಿರುವುವು. ಹವಳವೂ ಪಾಚಿಯೂ ನೀರಿಗೆ ಬಿಟ್ಟ ಕಣ್ಣಿಗೆ ಕಾಣದ ಸಾರವನ್ನು ಇವು ಹೀರಿ, ತಮ್ಮ ಮೈಯ ಹಳೆಯ ಕಣಗಳನ್ನು ಉದುರಿಸುವುವು. ಆ ಉದುರನ್ನು ಹುಳುಗಳೂ ಏಡಿಗಳೂ ಬಸವನಹುಳುಗಳೂ ತಿನ್ನುವುವು. ಕರಗಿ ಹೋಗಬೇಕಾಗಿದ್ದ ಸಾರವು ಹೀಗೆ ತಿರುಗಿ ಆಹಾರವಾಗಿ ಬರುವುದು.

ಸ್ಪಂಜು ಗಿಡವಲ್ಲ, ಪ್ರಾಣಿ. ಬಾಯಿ, ಹೊಟ್ಟೆ, ಕಾಲು ಯಾವುದೂ ಅದಕ್ಕಿಲ್ಲ, ಮೈಯೆಲ್ಲ ರಂಧ್ರ. ಆ ರಂಧ್ರಗಳ ಮೂಲಕ ದಿನವೊಂದಕ್ಕೆ ತನ್ನ ಗಾತ್ರದ ಸಾವಿರಾರು ಪಾಲು ನೀರನ್ನು ಹಾಯಿಸಿ ಸೋಸುವುದೇ ಅದರ ಬದುಕು. ಹವಳ ಸಾಕುವವರು ಮುಖ್ಯ ತೊಟ್ಟಿಯ ಪಕ್ಕದಲ್ಲಿ ಬೆಳಕು ಸೋಕದ ಒಂದು ಆಶ್ರಯತೊಟ್ಟಿಯನ್ನಿಟ್ಟು, ಅದರಲ್ಲಿ ರಂಧ್ರಮಯವಾದ ಕಲ್ಲುಗಳನ್ನು ಸಡಿಲವಾಗಿ ಪೇರಿಸಿ, ಮುಖ್ಯ ತೊಟ್ಟಿಯ ನೀರನ್ನು ಅದರ ಮೂಲಕ ಮೆಲ್ಲಗೆ ಹಾಯಿಸುವರು. ಸ್ಪಂಜನ್ನು ತಿನ್ನುವ ಮೀನನ್ನು ಅಲ್ಲಿಗೆ ಬಿಡರು, ಕಲ್ಲನ್ನು ಕಲಕರು, ಸ್ಪಂಜನ್ನು ನೀರಿನಿಂದ ಮೇಲಕ್ಕೆ ಎತ್ತರು. ಎತ್ತಿದರೆ ರಂಧ್ರಗಳಲ್ಲಿ ಗಾಳಿ ಸಿಕ್ಕಿಕೊಂಡು ಅದು ಸಾಯುವುದು, ಸತ್ತದ್ದು ನೀರನ್ನೆಲ್ಲ ಕೆಡಿಸುವುದು. ಕತ್ತಲೆಯಲ್ಲಿ ಪಾಚಿ ಬೆಳೆಯದ ಕಾರಣ ಕಲ್ಲಿನ ಮೈಯೆಲ್ಲ ಸ್ಪಂಜಿಗೂ ಸೂಕ್ಷ್ಮಜೀವಿಗಳಿಗೂ ಮೀಸಲಾಗಿ ಉಳಿಯುವುದು. ಇದೆಲ್ಲ ಕೂಡಿಬರಲು ಅನೇಕ ತಿಂಗಳುಗಳು ಹಿಡಿಯುವುವು; ಅವಸರಪಟ್ಟವರಿಗೆ ಫಲವಿಲ್ಲ.

ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳವುಂಟು. ಆದರೆ ಹವಳವನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯಕ್ಕೆ ಸೇರಿಸಿರುವ ಕಾರಣ, ಕಡಲಿನಿಂದ ಅದನ್ನು ಕಿತ್ತು ತರುವುದು ಅಪರಾಧವಾಗುವುದೆಂದು ಪ್ರವಾಸ ಹೋಗುವವರು ನೆನಪಿಡತಕ್ಕದ್ದು.

ಸರಗೂರಿನ ತೊಟ್ಟಿಗೆ ಹೊಂದಿಸುವ ಕ್ರಮ

ಕಡಲಿನ ಈ ಪಾಠದಿಂದ ಒಳನಾಡಿನ ರೈತರಿಗೆ ಏನು ಲಾಭವೆಂದು ಕೇಳಬಹುದು. ಸಿಹಿನೀರಿನಲ್ಲಿ ಮುಖ್ಯ ದುಡಿಮೆಯು ಸ್ಪಂಜಿನದಲ್ಲ, ಸೂಕ್ಷ್ಮಜೀವಿಗಳದು. ಆದರೆ ಬೇಕಾದ ಸೌಕರ್ಯ ಒಂದೇ: ಕತ್ತಲೆ, ಹರಿಯುವ ನೀರು, ಅಂಟಿಕೊಳ್ಳಲು ಒರಟು ಮೈ, ಕಲಕದ ನೆಮ್ಮದಿ.

ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ನೀರಿರುವ ತೊಟ್ಟಿಯಲ್ಲಿ ಸುಮಾರು 5,000 ಲೀಟರ್ ನೀರು ಹಿಡಿಯುವುದು. ಇದಕ್ಕೆ ಹತ್ತರಲ್ಲೊಂದು ಪಾಲು, ಎಂದರೆ ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಕೋಣೆಯು ಮೊದಲ ಪ್ರಯತ್ನಕ್ಕೆ ಸಾಕು. ತೊಟ್ಟಿಗೂ ಕೋಣೆಗೂ ನಡುವೆ 200 ಲೀಟರಿನ ಒಂದು ಪೀಪಾಯಿಯಿರಲಿ. ತೊಟ್ಟಿಯ ತಳದ ನೀರು ಕೊಳವೆಯ ಮೂಲಕ ಮೊದಲು ಪೀಪಾಯಿಗೆ ಬಂದು, ಕಸವನ್ನು ಅಲ್ಲಿ ಇಳಿಸಿ, ತಿಳಿಯಾಗಿ ಕೋಣೆಗೆ ಹೋಗಬೇಕು. ಕೋಣೆಯ ಕೊನೆಯಲ್ಲಿಟ್ಟ ಸಣ್ಣ ಪಂಪು ಆ ನೀರನ್ನು ಎತ್ತಿ, ಅಡಿಯೆರಡಡಿ ಎತ್ತರದಿಂದ ತೊಟ್ಟಿಗೆ ಧುಮುಕಿಸಬೇಕು. ಬೀಳುವ ನೀರು ಗಾಳಿಯನ್ನು ಕೂಡಿಸಿಕೊಳ್ಳುವುದು. ಗಂಟೆಗೆ 2,500 ಲೀಟರ್ ಹಾಯಿಸಿದರೆ ಎರಡು ಗಂಟೆಗೊಮ್ಮೆ ತೊಟ್ಟಿಯ ನೀರಿನಷ್ಟು ಕೋಣೆಯನ್ನು ದಾಟಿದಂತಾಗುವುದು. ಮೂರರ ಬಾಯಿಯೂ ಒಂದೇ ಮಟ್ಟದಲ್ಲಿದ್ದರೆ ವಿದ್ಯುತ್ತು ನಿಂತಾಗ ನೀರು ಹೊರಚೆಲ್ಲದು.

ಕೋಣೆಯ ತಳದಲ್ಲಿ ಇಟ್ಟಿಗೆಗಳನ್ನಿಟ್ಟು, ಅವುಗಳ ಮೇಲೆ ಸಂದಿಬಿಟ್ಟು ಚಪ್ಪಡಿ ಹಾಸಿ, ನಿಂಬೆಯ ಗಾತ್ರದ ಜಲ್ಲಿಯನ್ನೂ ಒಡೆದ ಇಟ್ಟಿಗೆಯನ್ನೂ ಸಡಿಲವಾಗಿ ತುಂಬಬೇಕು. ಕೆಳಗಿನ ಟೊಳ್ಳಿನಲ್ಲಿ ಕೂಡುವ ಕೆಸರನ್ನು ಬಿಡಲು ಒಂದು ತೂಬಿರಬೇಕು. ತೆಂಗಿನ ನಾರು ಅಗ್ಗವಾದರೂ ಕ್ರಮೇಣ ಕೊಳೆಯುವುದರಿಂದ ಅದು ಬೇಡ. ನಾಲ್ಕು ಸುಣ್ಣಕಲ್ಲುಗಳನ್ನು ಸೇರಿಸಿದರೆ ನೀರು ಹುಳಿಯಾಗದು; ಸುಟ್ಟ ಸುಣ್ಣವನ್ನು ಮಾತ್ರ ಹಾಕಬಾರದು. ಮೇಲೆ ಕಡಪಕಲ್ಲನ್ನು ಮುಚ್ಚಿ, ಬೆಳಕು ಬಾರದಂತೆ, ಆದರೆ ಗಾಳಿಯಾಡುವಂತೆ ಇಡಬೇಕು. ಹೊಸ ಸಿಮೆಂಟು ನೀರಿಗೆ ಕ್ಷಾರವನ್ನು ಬಿಡುವ ಕಾರಣ, ಎರಡು ಮೂರು ವಾರ ನೀರು ತುಂಬಿ ಬದಲಿಸಿ ತೊಳೆದ ಮೇಲೆಯೇ ಉಪಯೋಗಿಸತಕ್ಕದ್ದು.

ಇಷ್ಟಾದ ಮೇಲೆ ಕಾಯಬೇಕು. ಕೋಣೆ ಮಾಗಲು ನಾಲ್ಕರಿಂದ ಆರು ವಾರಗಳು ಬೇಕು. ಮೀನು ಆರೋಗ್ಯವಾಗಿರುವ ಹಳೆಯ ತೊಟ್ಟಿಯ ಒಂದು ಬುಟ್ಟಿ ಕಲ್ಲನ್ನು ಒದ್ದೆಯಾಗಿಯೇ ತಂದು ಸೇರಿಸಿದರೆ, ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸವು ಬೇಗ ಸಾಗುವುದು. ಈ ಕಾಲದಲ್ಲಿ ದಿನಕ್ಕೊಂದು ಚಿಟಿಕೆ ಮೇವನ್ನು ಹಾಕುತ್ತಿರಬೇಕು. ಆಹಾರವಿಲ್ಲದೆ ಸೂಕ್ಷ್ಮಜೀವಿಗಳು ಬೆಳೆಯವು. ಅಂಗಡಿಯಲ್ಲಿ ದೊರೆಯುವ ಪರೀಕ್ಷೆಯ ದ್ರಾವಣದಿಂದ ನೋಡಿದಾಗ ಅಮೋನಿಯವೂ ನೈಟ್ರೈಟೂ ಕಾಣದೆ ನೈಟ್ರೇಟ್ ಮಾತ್ರ ಕಂಡರೆ, ಮರಿಗಳನ್ನು ತರಲು ಹೊತ್ತಾಯಿತೆಂದು ತಿಳಿಯಬೇಕು. ಮುಂಗಾರಿನ ಮರಿಗಾಗಿ ಯುಗಾದಿ ಕಳೆದೊಡನೆ ಕೆಲಸಕ್ಕೆ ಕೈಹಾಕುವುದು ಮೇಲು. ಆಗಲೂ ಎಲ್ಲ ಮರಿಗಳನ್ನು ಒಮ್ಮೆಗೇ ಬಿಡದೆ, ಸ್ವಲ್ಪಸ್ವಲ್ಪವಾಗಿ ಬಿಡತಕ್ಕದ್ದು.

ಎಚ್ಚರಿಕೆಗಳು

ಕೋಣೆಯನ್ನು ಥಳಥಳನೆ ತೊಳೆಯುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಕಲ್ಲಿನ ಮೇಲಿನ ಲೋಳೆಯು ಕೊಳೆಯಲ್ಲ, ದುಡಿಯುವ ಆಳು. ಪೀಪಾಯಿಯ ಕಸವನ್ನು ದಿನವೂ ತೆಗೆಯಬಹುದು. ಕಲ್ಲು ಕಟ್ಟಿಕೊಂಡರೆ ಮಾತ್ರ, ಒಂದು ಸಲಕ್ಕೆ ಅರ್ಧದಷ್ಟನ್ನು, ತೊಟ್ಟಿಯ ನೀರಿನಲ್ಲಿಯೇ ಅಲುಬಿ ಇಡಬೇಕು. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿಯ ನೀರು ಒಂದೇ ಸಲಕ್ಕೆ ಇವನ್ನೆಲ್ಲ ಕೊಲ್ಲಬಲ್ಲದು.

ಪಂಪು ಕೆಲವು ಗಂಟೆಗಳ ಕಾಲ ನಿಂತರೆ ಕೋಣೆಯೊಳಗಿನ ನೀರಿನ ಆಮ್ಲಜನಕವು ಮುಗಿದು, ಒಳಗಿನ ಜೀವಗಳು ಸಾಯತೊಡಗುವುವು. ಆಗ ವಿದ್ಯುತ್ತು ಬಂದೊಡನೆ ಪಂಪನ್ನು ಹಾಕದೆ, ಕೊಳವೆಯನ್ನು ಮುಚ್ಚಿ, ಆ ಹಳಸಲು ನೀರನ್ನು ತೂಬಿನಿಂದ ತೋಟಕ್ಕೆ ಬಿಟ್ಟ ಬಳಿಕವೇ ಹೊಸದಾಗಿ ಹಾಯಿಸಬೇಕು. ಇದನ್ನು ಮರೆತರೆ, ರಕ್ಷಿಸಲೆಂದು ಕಟ್ಟಿದ ಕೋಣೆಯೇ ಮರಿಗಳಿಗೆ ಮೃತ್ಯುವಾದೀತು.

ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರನ್ನು ಬದಲಿಸುವುದು ಆವಶ್ಯಕ. ತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಬಾಳೆಗೂ ತರಕಾರಿಯ ಮಡಿಗೂ ಅದು ಗೊಬ್ಬರದ ನೀರು. ಚರಂಡಿಗೆ ಬಿಡುವುದು ನಷ್ಟ.

ಸಿಹಿನೀರಿನಲ್ಲಿಯೂ ಸ್ಪಂಜುಗಳುಂಟು. ಭಾರತದ ಕೆರೆ ಹೊಳೆಗಳ ಸ್ಪಂಜುಗಳನ್ನು ಕುರಿತು ನೆಲ್ಸನ್ ಆನಂಡೇಲ್ ಅವರು 1911ರಲ್ಲಿಯೇ ಗ್ರಂಥವನ್ನು ಪ್ರಕಟಿಸಿದರು. ಬೇಸಗೆಯಲ್ಲಿ ನೀರು ಇಳಿದಾಗ ಕಲ್ಲಿನ ಅಡಿಯಲ್ಲಿಯೋ ಮುಳುಗಿದ್ದ ಮರದ ಬೊಡ್ಡೆಯಲ್ಲಿಯೋ ಹಕ್ಕಳೆಯಂತಹ ಒರಟು ಪದರವೂ, ಅದರಲ್ಲಿ ಗಸಗಸೆಯಂತಹ ಕಾಳುಗಳೂ ಕಂಡರೆ ಅದು ಸ್ಪಂಜಾಗಿರಬಹುದು. ಆ ಕಾಳುಗಳು ಒಣಗಿನಲ್ಲಿ ಜೀವ ಹಿಡಿದಿದ್ದು, ನೀರು ಬಂದಾಗ ಮತ್ತೆ ಚಿಗುರುವುವು. ಅದರ ಮೈಯಲ್ಲಿ ಗಾಜಿನಂತಹ ಸೂಕ್ಷ್ಮ ಮುಳ್ಳುಗಳಿರುವುದರಿಂದ ಮುಟ್ಟಿದ ಕೈಯಿಂದ ಕಣ್ಣನ್ನು ಉಜ್ಜಬಾರದು. ಕತ್ತಲೆಯ ಕೋಣೆಯಲ್ಲಿ ತಾನಾಗಿ ಬಂದು ನೆಲೆಸಿದರೆ ಇರಗೊಡಬಹುದು. ಹುಡುಕಿ ಕಿತ್ತುತರುವ ಅಗತ್ಯವಿಲ್ಲ.

ತೊಟ್ಟಿಯಲ್ಲಿ ಸಾಕಿದ ಪರದೇಶದ ಮೀನನ್ನು ಹೊಳೆಗೆ ಬಿಡಕೂಡದು. ಆಫ್ರಿಕದ ಕ್ಯಾಟ್‌ಫಿಷ್ ಸಾಕಣೆಯನ್ನು ಸರ್ಕಾರವು 2000ದಲ್ಲಿಯೇ ನಿಷೇಧಿಸಿರುವುದನ್ನು ಗ್ರಾಮದ ಮುಖ್ಯಸ್ಥರು ಎಲ್ಲರಿಗೂ ತಿಳಿಯಹೇಳುವುದು ಒಳ್ಳೆಯದು. ಒಬ್ಬರ ತೊಟ್ಟಿಯ ತಪ್ಪು ಕಪಿಲೆಯ ಮೀನುಗಾರರೆಲ್ಲರ ಬುಟ್ಟಿಗೆ ಬಾಧಕವಾದೀತು.

ಊರಿಗೊಂದು ತೊಟ್ಟಿಯಲ್ಲಿ ಈ ಏರ್ಪಾಡನ್ನು ಮಾಡಿ, ಪಕ್ಕದಲ್ಲಿ ಕೋಣೆಯಿಲ್ಲದ ತೊಟ್ಟಿಯೊಂದನ್ನು ಹೋಲಿಕೆಗಾಗಿ ಇಟ್ಟು, ಎರಡರಲ್ಲಿಯೂ ಒಂದೇ ಎಣಿಕೆಯ ಮರಿಗಳನ್ನು ಬಿಡಲಿ. ಬಿಟ್ಟ ಮರಿ ಎಷ್ಟು, ಬೆರಳುದ್ದ ಬೆಳೆದು ಹೊಂಡಕ್ಕೆ ಹೋದ ಮರಿ ಎಷ್ಟು ಎಂಬ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಮೀನುಗಾರಿಕೆಯ ಇಲಾಖೆಯವರು ಬಂದಾಗ ಆ ಪುಸ್ತಕವನ್ನು ಅವರ ಮುಂದಿಡಲಿ. ಮುಂದಿನ ಹಂಗಾಮಿನಲ್ಲಿ ನೆರೆಯವರು ತಮ್ಮ ತೊಟ್ಟಿಗೆ ಕೋಣೆ ಕಟ್ಟಬೇಕೋ ಬೇಡವೋ ಎಂಬುದನ್ನು ಆ ಲೆಕ್ಕವೇ ತೀರ್ಮಾನಿಸಲಿ.